ಫಲಕವಿಲ್ಲದ ಮಹಡಿಯ ಮೇಲೆ ಇಮೇಲ್ ಕಲಿತದ್ದು: ಬಳ್ಳಾರಿಯ ಒಂದು ಪುಟ್ಟ ತರಗತಿಯ ವಿಮರ್ಶೆ

ಬಳ್ಳಾರಿಯ ಕೌಲ್ ಬಜಾರಿನ ಮುಖ್ಯರಸ್ತೆಯಿಂದ ಒಳಗಿನ ಗಲ್ಲಿಯೊಂದಕ್ಕೆ ತಿರುಗಿದರೆ ಸಿಗುವ ವಾಸದ ಮನೆಯ ಮಹಡಿಯ ಮೇಲೆ, ಬೆಳಗ್ಗೆ ಏಳರಿಂದ ಎಂಟೂವರೆಯವರೆಗೆ, ಹನ್ನೆರಡು ದಿನಗಳ ಒಂದು ತರಗತಿ ನಡೆಯುತ್ತದೆ. ಹೊರಗೆ ಫಲಕವಿಲ್ಲ, ಗೋಡೆಯ ಮೇಲೆ ಹೆಸರೂ ಇಲ್ಲ. ಕಲಿತು ಹೋದವರು ಪರಿಚಯದವರಿಗೆ ಹೇಳುತ್ತಾರೆ, ಅವರು ಬರುತ್ತಾರೆ. ಕಲಿಸುವುದು ಒಂದೇ ವಿದ್ಯೆ: ಕಂಪ್ಯೂಟರಿನ ಬ್ರೌಸರಿನಲ್ಲಿ ಇಮೇಲ್ ತೆರೆಯುವುದು, ಪತ್ರ ಬರೆಯುವುದು, ಕಡತ ಕಳುಹಿಸುವುದು ಮತ್ತು ಆ ಖಾತೆಯನ್ನು ಕಾಪಾಡಿಕೊಳ್ಳುವುದು. ಶುಲ್ಕ 1,200 ರೂಪಾಯಿ. ಕಳೆದ ಏಪ್ರಿಲ್‌ನಲ್ಲಿ ನಾನು ಅಲ್ಲಿ ಕಲಿತೆ. ಇದು ಸೇರಬೇಕೋ ಬೇಡವೋ ಎಂದು ಯೋಚಿಸುತ್ತಿರುವವರಿಗಾಗಿ, ವಿಶೇಷವಾಗಿ ಮೌಸ್ ಹಿಡಿದೇ ಅಭ್ಯಾಸವಿಲ್ಲದ ನನ್ನ ವಯಸ್ಸಿನವರಿಗಾಗಿ, ಅಲ್ಲಿ ಸಿಕ್ಕಿದ್ದನ್ನೂ ಸಿಗದೆ ಹೋದದ್ದನ್ನೂ ಬರೆಯುತ್ತಿದ್ದೇನೆ.

ನಾನು ಇಪ್ಪತ್ತೇಳು ವರ್ಷಗಳಿಂದ ಜೀನ್ಸ್ ಹೊಲಿಯುವ ಒಂದು ಘಟಕದಲ್ಲಿ ಲೆಕ್ಕ ಬರೆಯುತ್ತಿದ್ದೇನೆ. ಬಿಲ್ ಬುಕ್, ಚಲನ್, ವಾಷಿಂಗಿಗೆ ಹೋದ ಲಾಟು ಎಷ್ಟು, ಬಂದದ್ದೆಷ್ಟು, ಯಾರಿಗೆ ಎಷ್ಟು ಪೀಸಿನ ಕೂಲಿ ಬಾಕಿ, ಇವೆಲ್ಲ ನನ್ನ ಕೈಬರಹದಲ್ಲಿಯೇ ಇವೆ. ಫೋನಿನಲ್ಲಿ ವಾಟ್ಸಾಪ್ ನೋಡುವುದು ಬರುತ್ತದೆ. ಆದರೆ ಹೊರರಾಜ್ಯದ ವ್ಯಾಪಾರಿಗಳು ದೊಡ್ಡ ಆರ್ಡರುಗಳನ್ನು ಇಮೇಲ್ ಮೂಲಕವೇ ಕಳುಹಿಸುತ್ತಾರೆ. ಅವನ್ನು ಮಾಲೀಕರ ಮಗ ನೋಡಿಕೊಳ್ಳುತ್ತಿದ್ದ. ಅವನು ಓದಲು ಬೆಂಗಳೂರಿಗೆ ಹೋದ ಮೇಲೆ ಆ ಕೆಲಸ ನನ್ನ ಮೇಜಿಗೆ ಬಂತು. ಬಂದ ಎರಡನೆಯ ವಾರದಲ್ಲಿಯೇ ಸೊಲ್ಲಾಪುರದ ವ್ಯಾಪಾರಿಯೊಬ್ಬರು ಫೋನ್ ಮಾಡಿ, ಎರಡು ಸಲ ಆರ್ಡರ್ ಕಳುಹಿಸಿದರೂ ಎರಡೂ ಸಲ ಅದು ತಮಗೇ ಹಿಂದಿರುಗಿತೆಂದೂ, ನಮ್ಮ ಕಾರ್ಖಾನೆ ಮುಚ್ಚಿತೇನೋ ಎಂದು ಭಾವಿಸಿ ಅರ್ಧ ಆರ್ಡರನ್ನು ಬೇರೆಯವರಿಗೆ ಕೊಟ್ಟೆನೆಂದೂ ಹೇಳಿದರು. ಅದು ಏಕೆ ಹಿಂದಿರುಗಿತು ಎಂದು ಅವರಿಗೆ ತಿಳಿದಿರಲಿಲ್ಲ, ನನಗೂ ತಿಳಿಯಲಿಲ್ಲ. ಆ ದಿನ ಸಂಜೆಯೇ ಕಲಿಯುವ ಜಾಗ ಹುಡುಕಲು ಹೊರಟೆ.

ಮೊದಲು ಊರಿನ ನಡುವೆ ಇರುವ ಒಂದು ದೊಡ್ಡ ಕಂಪ್ಯೂಟರ್ ಸಂಸ್ಥೆಗೆ ಹೋಗಿ ವಿಚಾರಿಸಿದೆ. ಮೂರು ತಿಂಗಳ ಕೋರ್ಸು, ಶುಲ್ಕ 4,500 ರೂಪಾಯಿ, ಅದರಲ್ಲಿ ಇಮೇಲಿಗೆ ಮೀಸಲಾದದ್ದು ಒಂದೇ ಗಂಟೆ. ಒಂದು ದಿನ ಕೂತು ನೋಡಲು ಬಿಟ್ಟರು. ಪಾಠ ಹೇಳುವವರು ಗೋಡೆಯ ಪರದೆಯ ಮೇಲೆ ತಾವೇ ಒತ್ತುತ್ತ ಹೋದರು, ಮಕ್ಕಳು ಬರೆದುಕೊಳ್ಳುತ್ತ ಹೋದರು. ಕಾಲೇಜಿನ ಮಕ್ಕಳಿಗೆ ಅಷ್ಟು ಸಾಕಿರಬಹುದು. ಯಾವ ಗುಂಡಿ ಎಲ್ಲಿದೆ ಎಂಬುದಕ್ಕಿಂತ ಮೊದಲು ಈ ಪತ್ರ ಎಲ್ಲಿರುತ್ತದೆ, ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂಬುದು ತಿಳಿಯದೆ ನನ್ನಂಥವನಿಗೆ ಮುಂದಿನ ಹೆಜ್ಜೆ ಇಡಲಾಗುವುದಿಲ್ಲ. ಮಹಡಿಯ ತರಗತಿ ನನಗೆ ಒಗ್ಗಿದ್ದು ಈ ಕಾರಣಕ್ಕೆ.

ಅಲ್ಲಿ ಮೊದಲ ದಿನ ಯಾರಿಗೂ ಕೀಲಿಮಣೆ ಮುಟ್ಟಲು ಬಿಡುವುದಿಲ್ಲ. ಕಲಿಸುವ ಮೇಡಂ ನಮ್ಮ ಒಂಬತ್ತು ಜನರಿಂದಲೂ ಫೋನ್ ತೆಗೆಸಿ, ಸೆಟ್ಟಿಂಗ್ಸಿನಲ್ಲಿ ಗೂಗಲ್ ಖಾತೆ ಎಂಬಲ್ಲಿ ಏನಿದೆ ನೋಡಿ ಎಂದರು. ಏಳು ಜನರ ಫೋನಿನಲ್ಲಿ ಆಗಲೇ ಜಿಮೇಲ್ ವಿಳಾಸವಿತ್ತು. ಫೋನ್ ಕೊಂಡ ದಿನ ಅಂಗಡಿಯ ಹುಡುಗ ಮಾಡಿಕೊಟ್ಟದ್ದು. ಆ ಏಳು ಜನರಲ್ಲಿ ಒಬ್ಬರಿಗೂ ಪಾಸ್‌ವರ್ಡ್ ಗೊತ್ತಿರಲಿಲ್ಲ. ಒಬ್ಬ ತಾಯಿಯ ಖಾತೆಯ ಹೆಸರು ಅಂಗಡಿಯವನದೇ ಆಗಿತ್ತು. ಆರು ವರ್ಷಗಳಿಂದ ಅವರ ಮೊಮ್ಮಕ್ಕಳ ಫೋಟೋಗಳೆಲ್ಲ ಇನ್ನೊಬ್ಬನ ಹೆಸರಿನ ಪೆಟ್ಟಿಗೆಯಲ್ಲಿ ಜಮೆಯಾಗುತ್ತಿದ್ದವು ಎಂದು ತಿಳಿದಾಗ ಅವರ ಮುಖ ಬಿಳಿಚಿಕೊಂಡಿತು. ಆ ದಿನದ ತರಗತಿ ಪೂರ್ತಿ ಇದಕ್ಕೇ ಹೋಯಿತು. ಹೊಸ ಖಾತೆ ಮಾಡುವ ಅವಸರ ಮಾಡದೆ, ಇದ್ದ ಖಾತೆಯನ್ನು ತಮ್ಮದಾಗಿ ಮಾಡಿಕೊಳ್ಳುವುದನ್ನು, ಅಂದರೆ ಹೊಸ ಪಾಸ್‌ವರ್ಡ್ ಇಟ್ಟು, ತಮ್ಮದೇ ಮೊಬೈಲ್ ನಂಬರನ್ನು ಜೋಡಿಸುವುದನ್ನು, ಅವರು ಒಬ್ಬೊಬ್ಬರ ಪಕ್ಕದಲ್ಲಿಯೂ ಕೂತು ಮಾಡಿಸಿದರು. ಶುಲ್ಕ ದಿನಕ್ಕೆ ನೂರು ರೂಪಾಯಿಯಂತೆ ಬೀಳುತ್ತದೆ, ಆದರೆ ಆ ಒಂದು ದಿನಕ್ಕೇ ಆರುನೂರು ಸಲ್ಲುತ್ತದೆ ಎಂಬುದು ನನ್ನ ಅಭಿಪ್ರಾಯ.

ಎರಡನೆಯ ದಿನದ ಪಾಠವೇ ಈ ತರಗತಿಯ ಹೆಗ್ಗಳಿಕೆ. ಮೇಡಂ ನನ್ನನ್ನು ಕಿಟಕಿಯ ಪಕ್ಕದ ಕಂಪ್ಯೂಟರಿನ ಮುಂದೆ ಕೂರಿಸಿ ನನ್ನ ಖಾತೆ ತೆರೆಸಿದರು, ನನಗೇ ನಾನು ಎರಡು ಸಾಲಿನ ಪತ್ರ ಬರೆದು ಕಳುಹಿಸುವಂತೆ ಮಾಡಿದರು, ನಂತರ ಸೈನ್ ಔಟ್ ಮಾಡಿಸಿ ಆ ಯಂತ್ರವನ್ನೇ ಆರಿಸಿಬಿಟ್ಟರು. ಆಮೇಲೆ ಬಾಗಿಲ ಪಕ್ಕದ ಇನ್ನೊಂದು ಯಂತ್ರದಲ್ಲಿ ಅದೇ ಹೆಸರು, ಅದೇ ಪಾಸ್‌ವರ್ಡ್ ಹಾಕಿಸಿದರು. ಪತ್ರ ಅಲ್ಲಿತ್ತು. ಆರಿಸಿದ ಯಂತ್ರದೊಳಗೆ ಇದೆಯೆಂದು ನಾನು ತಿಳಿದಿದ್ದ ಪತ್ರ ಇನ್ನೊಂದರಲ್ಲಿ ಕಾಣಿಸಿದಾಗ, ಕಂಪ್ಯೂಟರ್ ಬರೀ ಕಿಟಕಿ, ಪೆಟ್ಟಿಗೆ ಇರುವುದು ಬೇರೆಲ್ಲೋ ಎಂಬುದು ಒಂದೇ ಸಲಕ್ಕೆ ಮನಸ್ಸಿಗೆ ಹತ್ತಿತು. ಇದು ತಿಳಿಯದೆ ಇದ್ದುದರಿಂದಲೇ ನಾನು ಅಷ್ಟು ದಿನ, ಮಾಲೀಕರ ಮಗ ತನ್ನ ಲ್ಯಾಪ್‌ಟಾಪನ್ನು ಬೆಂಗಳೂರಿಗೆ ಒಯ್ದದ್ದರಿಂದ ನಮ್ಮ ಆರ್ಡರುಗಳೆಲ್ಲ ಅವನೊಂದಿಗೇ ಹೋದವು ಎಂದು ನಂಬಿದ್ದೆ.

ಇದರ ಹಿನ್ನೆಲೆಯನ್ನೂ ಅವರು ಹೇಳಿದರು. ಅಮೆರಿಕದಲ್ಲಿ 1971ರಲ್ಲಿ ರೇ ಟಾಮ್ಲಿನ್ಸನ್ ಎಂಬ ಎಂಜಿನಿಯರ್ ಒಂದು ಯಂತ್ರದಿಂದ ಇನ್ನೊಂದು ಯಂತ್ರದಲ್ಲಿರುವ ಮನುಷ್ಯನಿಗೆ ಸಂದೇಶ ಹೋಗುವಂತೆ ಮಾಡಿದರು. ಮನುಷ್ಯನ ಹೆಸರನ್ನೂ ಯಂತ್ರದ ಹೆಸರನ್ನೂ ಬೇರ್ಪಡಿಸಲು ಸುತ್ತು ಹಾಕಿದ ಎ ಅಕ್ಷರವನ್ನು ಆರಿಸಿಕೊಂಡವರು ಅವರೇ. ಆ ಚಿಹ್ನೆ ನನಗೆ ಹೊಸದಲ್ಲ. ಹನ್ನೆರಡು ಪೀಸು, ಪೀಸಿಗೆ ಇಷ್ಟು ದರ ಎಂದು ಬಿಲ್ಲಿನಲ್ಲಿ ಬರೆಯುವಾಗ ದರದ ಹಿಂದೆ ಅದನ್ನೇ ಹಾಕುತ್ತೇವೆ. ನಮ್ಮವರು ಇಮೇಲ್ ವಿಳಾಸ ಹೇಳುವಾಗ ‘ಅಟ್ ದಿ ರೇಟ್’ ಎನ್ನುವುದೂ ಈ ಬಿಲ್ಲಿನ ವಾಡಿಕೆಯೇ. ಮುಂದೆ ಬಹುಕಾಲ, ಬಂದ ಪತ್ರವನ್ನು ಒಂದು ಯಂತ್ರಕ್ಕೆ ಇಳಿಸಿಕೊಂಡು ಅಲ್ಲಿಯೇ ಓದುವುದು ರೂಢಿಯಾಗಿತ್ತು. ಬೆಂಗಳೂರಿನಲ್ಲಿ ಶಾಲೆ ಕಲಿತ ಸಬೀರ್ ಭಾಟಿಯಾ ಮತ್ತು ಅವರ ಸಹೋದ್ಯೋಗಿ ಜಾಕ್ ಸ್ಮಿತ್, ಕಚೇರಿಯಲ್ಲಿ ಕೂತು ತಮ್ಮ ಸ್ವಂತ ಅಂಚೆಯನ್ನು ನೋಡಲಾಗದ ತೊಡಕಿನಿಂದಾಗಿ, ಯಾವ ಬ್ರೌಸರಿನಿಂದಲಾದರೂ ತೆರೆಯಬಹುದಾದ ಅಂಚೆಯ ಯೋಚನೆ ಮಾಡಿದರು. ಅವರ ಹಾಟ್‌ಮೇಲ್ 1996ರ ಜುಲೈ 4ರಂದು ಶುರುವಾಯಿತು. ಜಿಮೇಲ್ ಬಂದದ್ದು 2004ರ ಏಪ್ರಿಲ್ 1ರಂದು. ಉಳಿದವರು ಕೆಲವೇ ಎಂಬಿ ಜಾಗ ಕೊಡುತ್ತಿದ್ದಾಗ ಅದು ಒಂದು ಜಿಬಿ ಕೊಡುತ್ತೇನೆಂದದ್ದರಿಂದ, ದಿನಾಂಕ ನೋಡಿ ಅನೇಕರು ಅದನ್ನು ಏಪ್ರಿಲ್ ಫೂಲ್ ಎಂದೇ ಭಾವಿಸಿದ್ದರಂತೆ. ಈಗ ಉಚಿತವಾಗಿ ಸಿಗುವುದು 15 ಜಿಬಿ. ಆದರೆ ಅದು ಪತ್ರಗಳಿಗೆ ಮಾತ್ರವಲ್ಲ, ಗೂಗಲ್ ಫೋಟೋಸ್ ಮತ್ತು ಕಡತಗಳನ್ನು ಇಡುವ ಗೂಗಲ್ ಡ್ರೈವ್‌ಗಳಿಗೂ ಸೇರಿ. ಫೋನಿನ ವಿಡಿಯೋಗಳೆಲ್ಲ ಅಲ್ಲಿಗೆ ಹೋಗಿ ಆ ಜಾಗ ತುಂಬಿದರೆ ಹೊಸ ಪತ್ರ ಬರುವುದೂ ನಿಲ್ಲುತ್ತದೆ. ವ್ಯಾಪಾರದ ವಿಳಾಸವನ್ನು ಮನೆಯ ಫೋಟೋಗಳ ಫೋನಿಗೆ ಜೋಡಿಸಬೇಡಿ ಎಂದು ಅವರು ಹೇಳಿದ್ದು ಈ ಕಾರಣಕ್ಕೆ, ಮತ್ತು ಅದು ಒಳ್ಳೆಯ ಮಾತು.

ನನ್ನ ಸೊಲ್ಲಾಪುರದ ಆರ್ಡರಿನ ಗಂಟು ಬಿಚ್ಚಿದ್ದು ಮೂರನೆಯ ದಿನ, ವಿಳಾಸದ ಪಾಠದಲ್ಲಿ. ಇಮೇಲ್ ವಿಳಾಸದಲ್ಲಿ ದೊಡ್ಡಕ್ಷರ ಚಿಕ್ಕಕ್ಷರದ ಭೇದ ಸಾಮಾನ್ಯವಾಗಿ ಲೆಕ್ಕಕ್ಕೆ ಬರುವುದಿಲ್ಲ, ಜಿಮೇಲ್ ವಿಳಾಸಗಳಲ್ಲಿ ನಡುವಿನ ಚುಕ್ಕಿಯೂ ಲೆಕ್ಕಕ್ಕಿಲ್ಲ, ಆದರೆ ಒಂದು ಅಕ್ಷರ ತಪ್ಪಿದರೂ ಅದು ಬೇರೆಯವರ ಮನೆ ಅಥವಾ ಇಲ್ಲದ ಮನೆ ಎಂದು ಮೇಡಂ ಹೇಳಿದರು. ಕಾಗದದ ಅಂಚೆಯಲ್ಲಿ ಬೀದಿಯ ಹೆಸರು ತಪ್ಪಾಗಿದ್ದರೂ 583101 ಎಂಬ ಪಿನ್ ಕೋಡ್ ನೋಡಿ, ನಮ್ಮ ಹೆಸರು ನೋಡಿ, ಅಂಚೆಯಣ್ಣ ಹುಡುಕಿ ತಂದುಕೊಡುತ್ತಾನೆ. ಇಲ್ಲಿ ಅಂಥ ಅಂಚೆಯಣ್ಣನಿಲ್ಲ. ಉದಾಹರಣೆಗೆ ಅವರು ಹಲಗೆಯ ಮೇಲೆ ನಮ್ಮ ಊರಿನ ಹೆಸರನ್ನೇ ಇಂಗ್ಲಿಷಿನಲ್ಲಿ ಎರಡು ಬಗೆಯಾಗಿ ಬರೆದರು: ಹಳೆಯದು ಬಿ-ಇ-ಎಲ್-ಎಲ್-ಎ-ಆರ್-ವೈ, 2014ರ ನವೆಂಬರ್ 1ರಿಂದ ಸರ್ಕಾರ ಜಾರಿಗೆ ತಂದದ್ದು ಬಿ-ಎ-ಎಲ್-ಎಲ್-ಎ-ಆರ್-ಐ. ನನ್ನ ಜೇಬಿನಲ್ಲಿ ಘಟಕದ ಹೊಸ ವಿಸಿಟಿಂಗ್ ಕಾರ್ಡ್ ಇತ್ತು. ತೆಗೆದು ನೋಡಿದೆ. ಘಟಕದ ಇಮೇಲ್ ವಿಳಾಸ ಮಾಡಿದ್ದು ಊರಿನ ಹಳೆಯ ಕಾಗುಣಿತದಲ್ಲಿ. ಕಾರ್ಡ್ ಮುದ್ರಿಸಿದವರು ಒಳ್ಳೆಯ ಮನಸ್ಸಿನಿಂದ ಎಲ್ಲ ಕಡೆಯೂ ಹೊಸ ಕಾಗುಣಿತಕ್ಕೆ ತಿದ್ದಿದ್ದರು, ಇಮೇಲ್ ವಿಳಾಸವನ್ನೂ ಸೇರಿಸಿ. ಐನೂರು ಕಾರ್ಡುಗಳು ಹಂಚಿ ಹೋಗಿದ್ದವು. ಪತ್ರ ಹಿಂದಿರುಗಿದಾಗ ಜೊತೆಗೆ ಬರುವ ಇಂಗ್ಲಿಷ್ ಒಕ್ಕಣೆಯನ್ನು ಓದುವುದು ಹೇಗೆ, ಅದರಲ್ಲಿ ವಿಳಾಸವೇ ಇಲ್ಲ ಎಂಬುದಕ್ಕೂ ಪೆಟ್ಟಿಗೆ ತುಂಬಿದೆ ಎಂಬುದಕ್ಕೂ ವ್ಯತ್ಯಾಸ ತಿಳಿಯುವುದು ಹೇಗೆ ಎಂದು ಅದೇ ದಿನ ಕಲಿತೆವು. ಆ ಸಂಜೆ ನಾನು ಬರೆದ ಮೊದಲ ವ್ಯವಹಾರದ ಪತ್ರ, ಸರಿಯಾದ ವಿಳಾಸ ತಿಳಿಸಿ ಸೊಲ್ಲಾಪುರಕ್ಕೆ ಹೋಯಿತು. ಮಾರನೆಯ ದಿನ ಉತ್ತರ ಬಂತು.

ಪತ್ರ ಬರೆಯುವ ಪಾಠಕ್ಕೆ ಮೂರು ದಿನ. ಕಂಪೋಸ್ ಒತ್ತಿದಾಗ ತೆರೆಯುವ ಚೌಕದಲ್ಲಿ ಯಾರಿಗೆ, ವಿಷಯವೇನು, ಒಕ್ಕಣೆ ಏನು ಎಂಬ ಮೂರೂ ನಮ್ಮ ಹಳೆಯ ಪತ್ರಲೇಖನದ ಅಂಗಗಳೇ. ವಿಷಯದ ಸಾಲನ್ನು ಖಾಲಿ ಬಿಟ್ಟ ಪತ್ರವನ್ನು ಮೇಡಂ ತಿದ್ದದೆ ಹಿಂದಕ್ಕೆ ಕಳುಹಿಸುತ್ತಿದ್ದರು. ಸಿಸಿ ಎಂದರೆ ಕಾರ್ಬನ್ ಕಾಪಿ ಎಂದು ಅವರು ವಿವರಿಸಿದಾಗ ತರಗತಿಯ ಚಿಕ್ಕವರಿಗೆ ಕಾರ್ಬನ್ ಹಾಳೆ ಎಂದರೇನೆಂದೇ ಗೊತ್ತಿರಲಿಲ್ಲ. ಮಾರನೆಯ ದಿನ ನಾನು ನಮ್ಮ ಬಿಲ್ ಬುಕ್ಕನ್ನೇ ಒಯ್ದು ತೋರಿಸಿದೆ: ಮೇಲಿನ ಹಾಳೆ ಗಿರಾಕಿಗೆ, ನಡುವಿನದು ಸಾಗಣೆಯವರಿಗೆ, ಕೆಳಗಿನದು ನಮಗೆ. ಬಿಸಿಸಿ ಮಾತ್ರ ಕಾಗದದಲ್ಲಿ ಇರದಿದ್ದ ಅನುಕೂಲ. ಅದರ ಬೆಲೆಯನ್ನು ವ್ಯಾಪಾರದಲ್ಲಿರುವವರು ಮೊದಲೇ ತಿಳಿದಿರಬೇಕು. ಹದಿನಾಲ್ಕು ವ್ಯಾಪಾರಿಗಳಿಗೆ ಒಂದೇ ದರಪಟ್ಟಿಯನ್ನು ಕಳುಹಿಸುವಾಗ ಎಲ್ಲರ ವಿಳಾಸಗಳನ್ನೂ ‘ಟು’ ಸಾಲಿನಲ್ಲಿ ಹಾಕಿದರೆ, ಪ್ರತಿಯೊಬ್ಬನಿಗೂ ಉಳಿದ ಹದಿಮೂರು ಜನ ಯಾರೆಂದು ಕಾಣುತ್ತದೆ. ನಮ್ಮ ಗಿರಾಕಿಗಳ ಪಟ್ಟಿಯನ್ನು ನಾವೇ ಬಜಾರಿನಲ್ಲಿ ಅಂಟಿಸಿದಂತೆ. ಬಿಸಿಸಿಯಲ್ಲಿ ಹಾಕಿದರೆ ಯಾರಿಗೂ ಯಾರೂ ಕಾಣುವುದಿಲ್ಲ. ಹಾಗೆಯೇ ರಿಪ್ಲೈ ಮತ್ತು ರಿಪ್ಲೈ ಆಲ್ ನಡುವಿನ ಭೇದವನ್ನು ಅವರು ಒಂದು ಪೂರ್ತಿ ಬೆಳಗ್ಗೆ ಮಾಡಿಸಿ ಮಾಡಿಸಿ ಕೈಗೆ ಕೂರಿಸಿದರು. ಕಳುಹಿಸಿದ ಮೇಲೆ ಕೆಳಗೆ ಮೂಡುವ ‘ಅನ್‌ಡು’ ಎಂಬುದು ಮೊದಲಿಗೆ ಐದು ಸೆಕೆಂಡು ಮಾತ್ರ ಇರುತ್ತದೆ, ಸೆಟ್ಟಿಂಗ್ಸಿನಲ್ಲಿ ಅದನ್ನು ಮೂವತ್ತು ಸೆಕೆಂಡಿಗೆ ಹೆಚ್ಚಿಸಬಹುದು; ನಮ್ಮೆಲ್ಲರ ಖಾತೆಗಳಲ್ಲಿಯೂ ಹೆಚ್ಚಿಸಿಕೊಟ್ಟರು. ಸೊನ್ನೆಯೊಂದು ಹೆಚ್ಚಾದ ದರವನ್ನು ನಾನು ಆ ಮೂವತ್ತು ಸೆಕೆಂಡಿನೊಳಗೆ ಎರಡು ಸಲ ಹಿಂದಕ್ಕೆ ತೆಗೆದುಕೊಂಡಿದ್ದೇನೆ.

ಕಡತ ಜೋಡಿಸುವ ಪಾಠ ಸಾಮಾನ್ಯವಾಗಿತ್ತು. ಪಿನ್ನಿನ ಚಿತ್ರ ಒತ್ತಿ ಕಡತ ಆರಿಸುವುದು, ಒಟ್ಟು 25 ಎಂಬಿ ಮೀರಿದರೆ ಅದು ಡ್ರೈವ್‌ನ ಕೊಂಡಿಯಾಗಿ ಹೋಗುತ್ತದೆ ಎಂಬುದು, ಇಷ್ಟನ್ನು ಹೇಳಿದರು. ಆದರೆ ಫೋನಿನಲ್ಲಿ ತೆಗೆದ ಪ್ಯಾಂಟಿನ ಫೋಟೋಗಳನ್ನು ಕಂಪ್ಯೂಟರಿಗೆ ತರುವುದು ಹೇಗೆ, ತಂದದ್ದು ಯಾವ ಫೋಲ್ಡರಿನಲ್ಲಿ ಕೂರುತ್ತದೆ ಎಂಬುದನ್ನು ಮುಟ್ಟಲಿಲ್ಲ. ಹೊಸಬರು ಮುಗ್ಗರಿಸುವುದು ಅಲ್ಲಿಯೇ. ಡೌನ್‌ಲೋಡ್ ಆದ ಆರ್ಡರ್ ಎಲ್ಲಿ ಹೋಯಿತೆಂದು ನಾನು ವಾರಗಟ್ಟಲೆ ಹುಡುಕಿದ್ದೇನೆ.

ಕನ್ನಡದ ವಿಷಯಕ್ಕೆ ಬಂದರೆ ನನಗೆ ಸಂತೋಷವೂ ಇದೆ, ಬೇಸರವೂ ಇದೆ. ಜಿಮೇಲ್‌ನ ಪರದೆಯನ್ನೇ ಸೆಟ್ಟಿಂಗ್ಸಿನಲ್ಲಿ ಕನ್ನಡಕ್ಕೆ ಬದಲಾಯಿಸಿಕೊಳ್ಳಬಹುದು, ಮತ್ತು ಅಲ್ಲಿಯೇ ಇರುವ ಇನ್‌ಪುಟ್ ಟೂಲ್ಸ್ ತೆರೆದರೆ ಇಂಗ್ಲಿಷ್ ಅಕ್ಷರಗಳಲ್ಲಿ ಉಚ್ಚಾರದಂತೆ ಒತ್ತಿ ಕನ್ನಡ ಮೂಡಿಸಬಹುದು. ಎರಡನ್ನೂ ಒಂಬತ್ತನೆಯ ದಿನದವರೆಗೆ ನಮಗೆ ತೋರಿಸಲಿಲ್ಲ. ಪರದೆ ಇಂಗ್ಲಿಷಿನಲ್ಲಿದ್ದದ್ದರಿಂದ ನನ್ನ ಪಕ್ಕದ ಇಬ್ಬರು ಹೊಲಿಗೆಯ ಹೆಣ್ಣುಮಕ್ಕಳು ಪದಗಳನ್ನು ಚಿತ್ರದಂತೆ ಬಾಯಿಪಾಠ ಮಾಡಿದರು. ಅದರಲ್ಲಿಯೂ ಗೊಂದಲವಿತ್ತು: ಅಳಿಸಿದ ಪತ್ರಗಳು ಹೋಗಿ ಕೂರುವ ಜಾಗಕ್ಕೆ ಭಾಷೆಯ ಆಯ್ಕೆಯಂತೆ ಒಂದು ಪರದೆಯಲ್ಲಿ ಬಿನ್ ಎಂದಿದ್ದರೆ ಇನ್ನೊಂದರಲ್ಲಿ ಟ್ರ್ಯಾಶ್ ಎಂದಿರುತ್ತದೆ, ಮತ್ತು ಅವೆರಡೂ ಒಂದೇ ಎಂದು ತಿಳಿಯಲು ಅವರಿಗೆ ಎರಡು ದಿನ ಬೇಕಾಯಿತು. ಎರಡನೆಯ ದಿನವೇ ಪರದೆಯನ್ನು ಕನ್ನಡಕ್ಕೆ ತಿರುಗಿಸಿದ್ದರೆ ಅವರು ಎಷ್ಟೋ ಮುಂದೆ ಹೋಗಿರುತ್ತಿದ್ದರು. ಕಚೇರಿಗಳಲ್ಲಿ ಇಂಗ್ಲಿಷ್ ಪರದೆಯೇ ಸಿಗುವುದರಿಂದ ಅದೇ ಅಭ್ಯಾಸವಾಗಲಿ ಎಂಬುದು ಮೇಡಂ ಅವರ ವಾದ. ನಾನು ಒಪ್ಪುವುದಿಲ್ಲ. ಮೊದಲು ವಿಷಯ ತಿಳಿಯಲಿ. ಇಂಗ್ಲಿಷಿನ ಹೆಸರುಗಳು ಆಮೇಲೆ ಬರುತ್ತವೆ.

ಡಿಟಿಪಿ ಕೆಲಸ ಮಾಡುವ ಒಬ್ಬ ಯುವಕನ ಪ್ರಸಂಗವನ್ನು ಇಲ್ಲಿ ಹೇಳಬೇಕು. ಅವನು ‘ನುಡಿ’ ಎಂಬ ಕನ್ನಡ ಬರೆಯುವ ತಂತ್ರಾಂಶದಲ್ಲಿ ನನ್ನ ಕಣ್ಣಿಗೆ ಕಾಣದಷ್ಟು ವೇಗವಾಗಿ ಬೆರಳಾಡಿಸುತ್ತಾನೆ. ಆದರೆ ಅವನು ಹಳೆಯ ನುಡಿ ಅಕ್ಷರಶೈಲಿಯಲ್ಲಿ ಸಿದ್ಧಪಡಿಸಿದ ಅರ್ಜಿಯನ್ನು ನಕಲು ಮಾಡಿ ಇಮೇಲಿನ ಒಕ್ಕಣೆಗೆ ಅಂಟಿಸಿದಾಗ, ಕನ್ನಡದ ಬದಲು ತಲೆಯ ಮೇಲೆ ಚುಕ್ಕಿ ಗೀಟುಗಳಿರುವ ರೋಮನ್ ಅಕ್ಷರಗಳ ರಾಶಿ ಬಂತು. ಆ ಹಳೆಯ ಅಕ್ಷರಶೈಲಿಗಳು ಒಳಗೆ ಇಂಗ್ಲಿಷ್ ಸಂಕೇತಗಳ ಮೇಲೆ ಕನ್ನಡದ ಆಕಾರಗಳನ್ನು ಹೊದಿಸಿರುತ್ತವೆ. ಓದುವವರ ಕಂಪ್ಯೂಟರಿನಲ್ಲಿ ಆ ಹೊದಿಕೆ ಇಲ್ಲದಿದ್ದರೆ ಒಳಗಿನದೇ ಕಾಣುತ್ತದೆ. ಯೂನಿಕೋಡ್ ಎಂಬ, ಎಲ್ಲ ಭಾಷೆಗಳಿಗೂ ಸೇರಿದ ಸಂಕೇತ ವ್ಯವಸ್ಥೆಯಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ ತನ್ನದೇ ಸಂಕೇತವಿದೆ, ಅದು ಎಲ್ಲ ಫೋನಿನಲ್ಲಿಯೂ ಕನ್ನಡವಾಗಿಯೇ ಕಾಣುತ್ತದೆ. ನುಡಿಯಲ್ಲಿಯೇ ಯೂನಿಕೋಡ್ ಆಯ್ಕೆ ಮಾಡಿಕೊಂಡು, ತನಗೆ ಅಭ್ಯಾಸವಿರುವ ಕೆ.ಪಿ. ರಾವ್ ಕೀಲಿ ವಿನ್ಯಾಸದಲ್ಲಿಯೇ ನೇರವಾಗಿ ಜಿಮೇಲ್ ಚೌಕದೊಳಗೆ ಬರೆಯಬಹುದೆಂದು ಮೇಡಂ ತೋರಿಸಿದಾಗ ಆ ಯುವಕ ಕುರ್ಚಿಯಿಂದ ಎದ್ದು ನಿಂತುಬಿಟ್ಟ. ನಮ್ಮ ಜಿಲ್ಲೆಯ ಎಷ್ಟೋ ಪಂಚಾಯಿತಿ, ಶಾಲೆ, ಸಂಘಗಳ ಪತ್ರಗಳು ಇನ್ನೂ ಹಳೆಯ ಅಕ್ಷರಶೈಲಿಯಲ್ಲಿಯೇ ಸಿದ್ಧವಾಗುತ್ತಿರುವಾಗ, ಈ ಅರ್ಧ ಗಂಟೆಯ ಪಾಠವನ್ನು ಇಷ್ಟು ಸ್ಪಷ್ಟವಾಗಿ ಹೇಳಿಕೊಡುವ ಇನ್ನೊಂದು ಜಾಗವನ್ನು ನಾನು ನೋಡಿಲ್ಲ.

ಈಗ ನನ್ನ ಮುಖ್ಯ ಆಕ್ಷೇಪಣೆ. ಖಾತೆಯ ಸುರಕ್ಷತೆಯನ್ನು ಅವರು ಕೊನೆಯ ಎರಡು ದಿನಗಳಿಗೆ ಇಟ್ಟಿದ್ದಾರೆ, ಅದರಲ್ಲಿಯೂ ಮೋಸದ ಪತ್ರಗಳಿಗೆ ಸಿಕ್ಕಿದ್ದು ಕೊನೆಯ ದಿನದ ಅರ್ಧ ಗಂಟೆ. ಇದು ಸಾಲದು. ಆರು ಯಂತ್ರಗಳನ್ನು ಒಂಬತ್ತು ಜನ ಹಂಚಿಕೊಳ್ಳುವ ಕೋಣೆಯಲ್ಲಿ, ‘ಪಾಸ್‌ವರ್ಡ್ ಉಳಿಸಲೇ’ ಎಂದು ಬ್ರೌಸರ್ ಕೇಳಿದಾಗ ಬೇಡವೆನ್ನಬೇಕು ಎಂಬುದನ್ನು ಹನ್ನೊಂದನೆಯ ದಿನ ಹೇಳಿದರೆ, ಅದಕ್ಕೆ ಮುಂಚಿನ ಹತ್ತು ದಿನ ಎಲ್ಲರೂ ಹೂಂ ಎಂದು ಒತ್ತಿರುತ್ತಾರೆ. ಹಾಗೆಯೇ ಆಯಿತು. ಐದನೆಯ ದಿನ ನಾನು ಯಂತ್ರದ ಮುಂದೆ ಕೂತಾಗ ನನಗಿಂತ ಮುಂಚೆ ಕೂತಿದ್ದವರ ಪೆಟ್ಟಿಗೆ ತಾನಾಗಿಯೇ ತೆರೆದುಕೊಂಡಿತು, ಅವರ ಮಗಳ ಮದುವೆಯ ಮಾತುಕತೆಯ ಪತ್ರ ಮೇಲೆಯೇ ಇತ್ತು. ಕಣ್ಣು ತಿರುಗಿಸಿ ಮೇಡಂ ಅವರನ್ನು ಕರೆದೆ. ಸೈನ್ ಔಟ್ ಮಾಡುವುದು, ಮುಚ್ಚಿದ ಮೇಲೆ ಯಂತ್ರದಲ್ಲಿ ನಮ್ಮ ಗುರುತು ಉಳಿಸದ ಪ್ರೈವೇಟ್ ವಿಂಡೋ ತೆರೆದು ಕೆಲಸ ಮಾಡುವುದು, ಇನ್‌ಬಾಕ್ಸಿನ ಕೆಳತುದಿಯಲ್ಲಿರುವ ‘ಡೀಟೇಲ್ಸ್’ ಒತ್ತಿ ನಮ್ಮ ಖಾತೆ ಬೇರೆಲ್ಲಿ ತೆರೆದಿದೆ ಎಂದು ನೋಡುವುದು, ಇವು ಎರಡನೆಯ ದಿನವೇ ಬರಬೇಕಾದ ಪಾಠಗಳು.

ಖಾತೆಗೆ ಜೋಡಿಸಿದ ಮೊಬೈಲ್ ನಂಬರಿನ ವಿಚಾರವೂ ಅಷ್ಟೇ ಗಂಭೀರ. ನಮ್ಮಲ್ಲಿ ಅನೇಕರು ರೀಚಾರ್ಜ್ ನಿಲ್ಲಿಸಿ ಸಿಮ್ ಬದಲಿಸುತ್ತಲೇ ಇರುತ್ತಾರೆ. ನಿಂತುಹೋದ ನಂಬರು ಕೆಲವು ತಿಂಗಳ ನಂತರ ಬೇರೊಬ್ಬರಿಗೆ ಸಿಗುತ್ತದೆ, ಆಗ ಪಾಸ್‌ವರ್ಡ್ ಮರೆತವನಿಗೆ ಬರಬೇಕಾದ ಸಂಕೇತ ಆ ಅಪರಿಚಿತನ ಫೋನಿಗೆ ಹೋಗುತ್ತದೆ. ಎರಡು ವರ್ಷ ಪೂರ್ತಿ ಮುಟ್ಟದೆ ಬಿಟ್ಟ ವೈಯಕ್ತಿಕ ಖಾತೆಯನ್ನು ಗೂಗಲ್ ಅಳಿಸಿಹಾಕಬಹುದು ಎಂಬ ನಿಯಮವೂ ಇದೆ. ಇವನ್ನು ಮೇಡಂ ಹೇಳಿದರು, ಆದರೆ ಓಡುತ್ತ ಹೇಳಿದರು.

ಮೋಸದ ಪತ್ರಗಳ ಬಗ್ಗೆ ನಾನು ಲೆಕ್ಕದವನಾಗಿ ಇನ್ನೂ ಒತ್ತಿ ಹೇಳುತ್ತೇನೆ. ಬ್ಯಾಂಕಿನ ಕೆವೈಸಿ ಅವಧಿ ಮುಗಿದಿದೆ, ಇಲ್ಲಿ ಒತ್ತಿ ಎಂಬ ಪತ್ರವನ್ನು ಈಗ ಬಹಳ ಜನ ಗುರುತಿಸುತ್ತಾರೆ. ವ್ಯಾಪಾರಸ್ಥರಿಗೆ ಅಪಾಯವಿರುವುದು ಬೇರೆ ಬಗೆಯಲ್ಲಿ: ಬಟ್ಟೆ ಪೂರೈಸುವವರ ವಿಳಾಸದಂತೆಯೇ ಕಾಣುವ, ಆದರೆ ಒಂದು ಅಕ್ಷರ ಹೆಚ್ಚು ಕಡಿಮೆ ಇರುವ ವಿಳಾಸದಿಂದ, ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ, ಬಾಕಿಯನ್ನು ಇನ್ನು ಮುಂದೆ ಈ ಹೊಸ ಖಾತೆಗೆ ಹಾಕಿ ಎಂದು ಬರುವ ಪತ್ರ. ಕಳುಹಿಸಿದವರ ಹೆಸರಿನ ಮೇಲೆ ಮಾತ್ರ ಕಣ್ಣಾಡಿಸಿದರೆ ಅದು ಸಾಚಾ ಎಂದೇ ತೋರುತ್ತದೆ. ಹೆಸರನ್ನು ಒತ್ತಿ ಪೂರ್ತಿ ವಿಳಾಸವನ್ನು ಅಕ್ಷರ ಅಕ್ಷರವಾಗಿ ಓದಬೇಕು, ನಂತರ ನಮ್ಮ ಹಳೆಯ ಪುಸ್ತಕದಲ್ಲಿರುವ ನಂಬರಿಗೆ ಫೋನ್ ಮಾಡಿ ಕೇಳಬೇಕು, ಪತ್ರದಲ್ಲಿರುವ ನಂಬರಿಗಲ್ಲ. ಹಣ ಹೋದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಒಂದು ಅಕ್ಷರದ ವ್ಯತ್ಯಾಸ ಏನು ಮಾಡುತ್ತದೆಂದು ಊರಿನ ಹೆಸರಿನಿಂದಲೇ ಅಷ್ಟು ಚೆನ್ನಾಗಿ ತೋರಿಸಿದವರು, ಅದೇ ಎಳೆಯನ್ನು ಹಿಡಿದು ಇದನ್ನೂ ಮೂರನೆಯ ದಿನವೇ ಹೇಳಬಹುದಿತ್ತು. ಈ ಮಾತನ್ನು ನಾನು ಅವರಿಗೆ ಇಮೇಲ್ ಮೂಲಕವೇ ಬರೆದೆ. ಮುಂದಿನ ತಂಡಕ್ಕೆ ಕ್ರಮವನ್ನು ಬದಲಾಯಿಸುವುದಾಗಿ ಉತ್ತರ ಕೊಟ್ಟಿದ್ದಾರೆ.

ಸೌಕರ್ಯಗಳು ಹೇಳಿಕೊಳ್ಳುವಂತಿಲ್ಲ. ಯಂತ್ರಗಳು ಹಳೆಯವು, ಎರಡು ಫ್ಯಾನುಗಳಲ್ಲಿ ಒಂದು ಮೆಲ್ಲಗೆ ತಿರುಗುತ್ತದೆ, ಮತ್ತು ಬಳ್ಳಾರಿಯ ಏಪ್ರಿಲ್‌ನಲ್ಲಿ ತಗಡಿನ ಚಾವಣಿಯ ಕೆಳಗೆ ಎಂಟು ಗಂಟೆಗೇ ಬೆವರು ಇಳಿಯುತ್ತದೆ. ಕರೆಂಟ್ ಹೋದರೆ ಯುಪಿಎಸ್ ಹತ್ತು ನಿಮಿಷ ಹಿಡಿಯುತ್ತದೆ. ಒಮ್ಮೆ ಹಾಗೆ ಹೋದಾಗ ಅರ್ಧ ಬರೆದ ಪತ್ರ ಹಾಳಾಯಿತೆಂದು ಚಿಂತೆಯಾಗಿತ್ತು. ಕರೆಂಟ್ ಬಂದ ಮೇಲೆ ಡ್ರಾಫ್ಟ್ಸ್‌ನಲ್ಲಿ ಅದು ಇತ್ತು, ಬರೆಯುತ್ತಿದ್ದಂತೆಯೇ ತಾನಾಗಿ ಉಳಿಯುತ್ತದೆಂದು ಆಗ ತಿಳಿಯಿತು. ಮುದ್ರಿತ ಟಿಪ್ಪಣಿ ಕೊಡುವುದಿಲ್ಲ. ನೋಟ್‌ಬುಕ್ಕಿನಲ್ಲಿ ನಾವೇ ಬರೆದುಕೊಂಡದ್ದೇ ಗಟ್ಟಿ. ತರಗತಿ ಮುಗಿದ ಮೇಲೆ ಸಂದೇಹ ಬಂದರೆ ಭಾನುವಾರ ಬೆಳಗ್ಗೆ ಹೋಗಿ ಕೇಳಬಹುದು, ಅದಕ್ಕೆ ಹಣವಿಲ್ಲ. ನಾನು ನಾಲ್ಕು ಸಲ ಹೋಗಿದ್ದೇನೆ, ಒಮ್ಮೆಯೂ ಮುಖ ಗಂಟಿಕ್ಕಿಲ್ಲ.

ಆಗಲೇ ಇಮೇಲ್ ಬಳಸುತ್ತಿದ್ದು ಎಕ್ಸೆಲ್ ಅಥವಾ ಟ್ಯಾಲಿ ಬೇಕೆನ್ನುವವರಿಗೆ ಇದು ತಕ್ಕದ್ದಲ್ಲ. ಉದ್ಯೋಗದ ಅರ್ಜಿಗೆ ಪ್ರಮಾಣಪತ್ರ ಬೇಕಾದವರಿಗೂ ಅಲ್ಲ, ಏಕೆಂದರೆ ಅವರು ಯಾವ ಪ್ರಮಾಣಪತ್ರವನ್ನೂ ಕೊಡುವುದಿಲ್ಲ. ಜಿಎಸ್‌ಟಿ ನೋಂದಣಿಯಲ್ಲಿ, ಆದಾಯ ತೆರಿಗೆಯ ಖಾತೆಯಲ್ಲಿ, ಮಕ್ಕಳ ಕಾಲೇಜಿನ ಅರ್ಜಿಯಲ್ಲಿ ತಮ್ಮ ಹೆಸರಿನ ಮುಂದೆ ಯಾರದೋ ಇಮೇಲ್ ವಿಳಾಸ ಹಾಕಿಸಿಕೊಂಡು, ಅಲ್ಲಿಗೆ ಬಂದ ಸಂಕೇತಕ್ಕಾಗಿ ಯಾರನ್ನೋ ಕಾಯುತ್ತ ಕೂರುವವರು ನಮ್ಮ ಬಜಾರಿನಲ್ಲಿ ನೂರಾರು ಜನ ಇದ್ದಾರೆ. ಅವರು ಹೋಗಬೇಕು.

ಹೋಗುವವರು ಇನ್ನೂರು ಪುಟದ ನೋಟ್‌ಬುಕ್ಕು, ಪೂರ್ತಿ ಚಾರ್ಜ್ ಆದ ಫೋನು ಮತ್ತು ಒಂದು ಬಾಟಲಿ ನೀರು ಒಯ್ಯಬೇಕು. ಮೊದಲ ದಿನಕ್ಕೆ ಮುಂಚೆಯೇ ಫೋನಿನ ಸಿಮ್ ತಮ್ಮ ಹೆಸರಿನಲ್ಲಿದೆಯೇ ಎಂದು ನೋಡಿಕೊಂಡಿದ್ದರೆ ಅರ್ಧ ಗಂಟೆ ಉಳಿಯುತ್ತದೆ. ಏಳಕ್ಕೆ ಐದು ನಿಮಿಷ ಮುಂಚೆ ಮೆಟ್ಟಿಲು ಹತ್ತಿದವರಿಗೆ ಕಿಟಕಿಯ ಪಕ್ಕದ ಯಂತ್ರ ಸಿಗುತ್ತದೆ. ಚೆನ್ನಾಗಿ ತಿರುಗುವ ಫ್ಯಾನು ಇರುವುದೂ ಅದರ ಮೇಲೆಯೇ.